ಸ್ವೀಡನ್ ಸಲಿಂಗಿಗಳನ್ನು ಕಂಡ ಬಗೆ: ಸಂಸತ್ತಿನ ಕಡತ ಮತ್ತು ಹಳೆಯ ಪತ್ರಿಕೆಗಳಲ್ಲಿ ಜಾಡು ಹಿಡಿಯುವುದು ಹೇಗೆ

ಸ್ವೀಡನ್ನಿನಲ್ಲಿ ಸಲಿಂಗಕಾಮದ ಬಗೆಗಿನ ಧೋರಣೆ ಹೇಗೆ ಬದಲಾಯಿತು ಎಂದು ಬರೆಯಲು ಕೂತವರು ಸಾಮಾನ್ಯವಾಗಿ ನಾಲ್ಕೈದು ಇಸವಿ ಕೊಟ್ಟು ಮುಗಿಸಿಬಿಡುತ್ತಾರೆ: 1944, 1979, 1995, 2003, 2009. ಇಸವಿಗಳೇನೋ ಸರಿ. ಆದರೆ ಅವನ್ನಷ್ಟೇ ಸಾಲಾಗಿ ಜೋಡಿಸಿದರೆ ಒಂದೇ ಸಮನೆ ಮೇಲೇರುವ ಮೆಟ್ಟಿಲು ಕಾಣುತ್ತದೆ, ನಡೆದದ್ದು ಹಾಗಲ್ಲ. 1944ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದ ಮೇಲೆ, ಏಳೆಂಟು ವರ್ಷದೊಳಗೆ ಅಲ್ಲಿನ ಪತ್ರಿಕೆಗಳು ಸಲಿಂಗಿಗಳ ಮೇಲೆ ಮುಗಿಬಿದ್ದಿದ್ದವು. 1987ರಲ್ಲಿ ಸಂಸತ್ತು ಒಂದು ಕೈಯಲ್ಲಿ ಹಕ್ಕು ಕೊಟ್ಟು ಇನ್ನೊಂದು ಕೈಯಲ್ಲಿ ಬಾಗಿಲು ಮುಚ್ಚಿಸಿತು. ಕಾನೂನಿನ ನಡಿಗೆ ಒಂದು, ಪತ್ರಿಕೆಯ ನಡಿಗೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಅಳೆದು ಆಮೇಲೆ ಪಕ್ಕಪಕ್ಕ ಇಟ್ಟು ನೋಡುವ ಕ್ರಮ ಇಲ್ಲಿದೆ.

ಪ್ರಶ್ನೆ ಕಿರಿದಾಗಿರಲಿ

"ಸ್ವೀಡನ್ನಿನ ಧೋರಣೆ" ಎನ್ನುವುದು ಪ್ರಶ್ನೆಯಲ್ಲ, ಗೋದಾಮು. ಒಂದು ತಿರುವು, ಒಂದು ಕಾಲಾವಧಿ, ಎರಡರಿಂದ ನಾಲ್ಕು ಪತ್ರಿಕೆ, ಇಷ್ಟಕ್ಕೆ ಕಟ್ಟಿಹಾಕಿ. "1994ರ ಜೂನ್‌ನಲ್ಲಿ ನೋಂದಾಯಿತ ಸಹಬಾಳ್ವೆಯ (ಸಲಿಂಗಿ ಜೋಡಿಗಳಿಗೆ ಕಾನೂನಿನ ಮಾನ್ಯತೆ, ಆದರೆ ಮದುವೆಯಲ್ಲ) ಕಾಯ್ದೆಗೆ ಮತ ಹಾಕುವ ಹೊತ್ತಿಗೆ ಉದಾರವಾದಿ ಪತ್ರಿಕೆಯೂ ಸಂಪ್ರದಾಯವಾದಿ ಪತ್ರಿಕೆಯೂ ಏನೆಂದು ವಾದಿಸಿದವು?" ಎಂಬುದು ಕೆಲಸಕ್ಕೆ ಬರುವ ಪ್ರಶ್ನೆ. ಘಟನೆಗೆ ಎರಡು ವಾರ ಮೊದಲಿನಿಂದ ನಾಲ್ಕು ವಾರ ನಂತರದವರೆಗೆ ನೋಡಿದರೆ ಸಾಕು. ಅದಕ್ಕಿಂತ ಹಿಗ್ಗಿಸಿದರೆ ಸಾಮಗ್ರಿ ಕೈಮೀರುತ್ತದೆ. ಕುಗ್ಗಿಸಿದರೆ ಓದುಗರ ಪತ್ರಗಳು ತಪ್ಪಿಹೋಗುತ್ತವೆ, ಏಕೆಂದರೆ ಅವು ಸುದ್ದಿಗಿಂತ ಒಂದೆರಡು ವಾರ ತಡವಾಗಿ ಅಚ್ಚಾಗುತ್ತವೆ.

ಮೊದಲು ಕಾನೂನಿನ ಮೂಲಪಾಠ

ಬೇರೆಯವರ ಸಾರಾಂಶ ನಂಬಬೇಡಿ, ಕಲಮನ್ನೇ ಓದಿ. 1864ರ ದಂಡಸಂಹಿತೆಯ 18ನೇ ಅಧ್ಯಾಯದ 10ನೇ ಕಲಮು ಒಂದೇ ವಾಕ್ಯದ್ದು. "ಇನ್ನೊಬ್ಬ ವ್ಯಕ್ತಿಯೊಂದಿಗೆ ಪ್ರಕೃತಿಗೆ ವಿರುದ್ಧವಾದ ಅನಾಚಾರ" ನಡೆಸಿದವರಿಗೂ ಪ್ರಾಣಿಯೊಂದಿಗೆ ನಡೆಸಿದವರಿಗೂ ಅದೇ ಶಿಕ್ಷೆ: ಗರಿಷ್ಠ 2 ವರ್ಷದ ಕಠಿಣ ದುಡಿಮೆ. ಈ ಒಂದು ವಾಕ್ಯದಿಂದ ಮೂರು ಸಂಗತಿ ಹೊರಡುತ್ತವೆ. ಒಂದು, "ಸಲಿಂಗ" ಎಂಬ ಮಾತೇ ಅದರಲ್ಲಿಲ್ಲ, ಹಾಗಾಗಿ ಆಧುನಿಕ ಪದ ಹಾಕಿ ಹುಡುಕಿದರೆ ಕಲಮು ಸಿಗುವುದೇ ಇಲ್ಲ. ಎರಡು, "ವ್ಯಕ್ತಿ" ಎಂದಿದೆಯೇ ಹೊರತು "ಗಂಡಸು" ಎಂದಿಲ್ಲ. ಜರ್ಮನಿಯ 175ನೇ ಕಲಮು ಗಂಡಸರನ್ನಷ್ಟೇ ಹಿಡಿಯುತ್ತಿತ್ತು, ಸ್ವೀಡನ್ನಿನದು ಹೆಂಗಸರನ್ನೂ ಹಿಡಿಯುವಂತಿತ್ತು. ಮೂರು, ಮನುಷ್ಯರ ಸಂಬಂಧವೂ ಪಶುಸಂಗವೂ ಒಂದೇ ಕಲಮಿನಲ್ಲಿರುವುದರಿಂದ ಹಳೆಯ ನ್ಯಾಯಾಲಯದ ಅಂಕಿಗಳನ್ನು ಬೇರ್ಪಡಿಸದೆ ಬಳಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. "ಈ ಕಲಮಿನಡಿ ಇಷ್ಟು ಜನಕ್ಕೆ ಶಿಕ್ಷೆ" ಎಂಬ ಅಂಕಿ ಕಂಡಲ್ಲಿ ಮೊದಲು ಕೇಳಬೇಕಾದದ್ದು, ಅದರಲ್ಲಿ ಪಶುಸಂಗದ ಪ್ರಕರಣಗಳು ಎಷ್ಟು ಎಂದು.

1944ರ ಜುಲೈ 1ರಿಂದ ವಯಸ್ಕರ ನಡುವಿನ ಒಪ್ಪಿತ ಸಂಬಂಧ ಅಪರಾಧವಾಗಿ ಉಳಿಯಲಿಲ್ಲ. ಅಲ್ಲಿಗೆ ಓದು ನಿಲ್ಲಿಸುವವರೇ ಹೆಚ್ಚು. ಅದೇ ತಿದ್ದುಪಡಿಯಲ್ಲಿ ಗಂಡು–ಹೆಣ್ಣಿನ ಸಂಬಂಧಕ್ಕೆ ಒಪ್ಪಿಗೆಯ ವಯಸ್ಸು 15, ಸಲಿಂಗ ಸಂಬಂಧಕ್ಕೆ 18, ಅವಲಂಬನೆ ಅಥವಾ ಅನನುಭವದ ದುರುಪಯೋಗ ಇದ್ದರೆ 21 ಎಂಬ ಭೇದ ಸೇರಿತ್ತು. ಆ ಭೇದ ಅಳಿದದ್ದು 1978ರಲ್ಲಿ. ಅಂದರೆ 1944ರ ಕಾನೂನು "ತಪ್ಪಲ್ಲ" ಎಂದು ಹೇಳಲಿಲ್ಲ. ಇದು ಪೊಲೀಸರ ಕೆಲಸವಲ್ಲ, ವೈದ್ಯರ ಕೆಲಸ ಎಂದಿತು. ಎಳೆಯರನ್ನು ಈ "ರೋಗ"ದಿಂದ ಕಾಯಬೇಕು ಎಂಬ ಹೆದರಿಕೆ ಆ 18ರ ಅಂಕಿಯೊಳಗೇ ಕೂತಿದೆ. ಅಕ್ಕಪಕ್ಕದ ದೇಶಗಳನ್ನೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ. ಡೆನ್ಮಾರ್ಕ್ 1933ರಲ್ಲಿ, ಫಿನ್ಲೆಂಡ್ 1971ರಲ್ಲಿ, ನಾರ್ವೆ 1972ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದವು. ಉತ್ತರದ ದೇಶಗಳೆಲ್ಲ ಒಟ್ಟಿಗೇ ಹೆಜ್ಜೆ ಹಾಕಿದವು ಎಂಬ ಮಾತು ಈ ನಾಲ್ಕು ಇಸವಿಗಳ ಮುಂದೆ ನಿಲ್ಲುವುದಿಲ್ಲ.

ಸಂಸತ್ತಿನ ಕಡತದಲ್ಲಿ ಹಿಮ್ಮುಖ ನಡಿಗೆ

ಕಾಯ್ದೆಯಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಸ್ವೀಡಿಷ್ ಕಾಯ್ದೆಗಳಿಗೆ ಇಸವಿ ಮತ್ತು ಕ್ರಮಸಂಖ್ಯೆ ಇರುತ್ತದೆ: ಸಲಿಂಗಿ ಜೋಡಿಗಳ ಸಹವಾಸದ (ಮದುವೆಯಿಲ್ಲದೆ ಕೂಡಿ ಬಾಳುವುದರ) ಕಾಯ್ದೆ 1987:813, ನೋಂದಾಯಿತ ಸಹಬಾಳ್ವೆಯದು 1994:1117. ಆ ಸಂಖ್ಯೆಯಿಂದ ಸಮಿತಿ ವರದಿಗೆ, ಸಮಿತಿ ವರದಿಯಿಂದ ಸರ್ಕಾರದ ಮಸೂದೆಗೋ ಸದಸ್ಯರ ಸೂಚನೆಗೋ, ಅಲ್ಲಿಂದ ತನಿಖಾ ಆಯೋಗದ ವರದಿಗೆ, ಕೊನೆಗೆ ಆಯೋಗಕ್ಕೆ ಕೊಟ್ಟ ನಿರ್ದೇಶನಕ್ಕೆ. ಆಯೋಗಗಳ ವರದಿ 1922ರಿಂದ "ಎಸ್‌ಒಯು" ಎಂಬ ಸರಣಿಯಲ್ಲಿ ಬರುತ್ತಿವೆ. ಈ ವಿಷಯಕ್ಕೆ ಮುಖ್ಯವಾದವು ಮೂರು. 1984:63 ಸಲಿಂಗಿಗಳು ಮತ್ತು ಸಮಾಜದ ಕುರಿತದ್ದು, 1993:98 ಸಹಬಾಳ್ವೆಯ ಕುರಿತದ್ದು, 2007:17 ಒಂದೇ ಲಿಂಗದವರ ಮದುವೆಯ ಕುರಿತದ್ದು. 1984ರ ವರದಿಯನ್ನು ಪೂರ್ತಿ ಓದಿ. ಮಿಕ್ಕ ಎರಡಕ್ಕೆ ಪರಿವಿಡಿ ಮತ್ತು ಭಿನ್ನಮತದ ಪುಟಗಳು ಸಾಕು.

ಸಂಖ್ಯೆಗಳನ್ನು ಓದುವಾಗ ಒಂದು ಎಡವು ಇದೆ. 1975ರ ಮೊದಲು ಅಧಿವೇಶನ ಕ್ಯಾಲೆಂಡರ್ ವರ್ಷಕ್ಕೆ ಹೊಂದಿತ್ತು, ಹಾಗಾಗಿ "1973:20". ಆಮೇಲೆ ಶರತ್ಕಾಲದಿಂದ ಬೇಸಿಗೆಯವರೆಗೆ ಲೆಕ್ಕ, ಹಾಗಾಗಿ "1993/94". 1994ರ ಕಾಯ್ದೆಯ ಕಡತವನ್ನು "1994/95"ರಲ್ಲಿ ಹುಡುಕಿದರೆ ಖಾಲಿ ಕೈ. ಇನ್ನೊಂದು: 1867ರಿಂದ 1970ರವರೆಗೆ ಎರಡು ಸದನ, 1971ರಿಂದ ಒಂದೇ. ಎರಡು ಸದನದ ಕಾಲದಲ್ಲಿ ಒಂದೇ ವಿಷಯದ ಚರ್ಚೆ ಎರಡು ಕಡೆ ನಡೆಯುತ್ತಿತ್ತು. ಒಂದನ್ನೇ ಓದಿ "ಯಾರೂ ವಿರೋಧಿಸಲಿಲ್ಲ" ಎಂದು ಬರೆದವರು ಇದ್ದಾರೆ. ಸಮಿತಿಗಳ ಹೆಸರೂ ಬದಲಾಗುತ್ತದೆ. ದಂಡಸಂಹಿತೆಯ ವಿಷಯ ಹಳೆಯ ಕಾಲದಲ್ಲಿ ಮೊದಲನೇ ಕಾನೂನು ಸಮಿತಿಗೆ ಹೋಗುತ್ತಿತ್ತು, 1971ರ ನಂತರ ನ್ಯಾಯ ಸಮಿತಿಗೆ. ಮದುವೆ–ಕುಟುಂಬದ ವಿಷಯ ಕಾನೂನು ಸಮಿತಿಗೆ ಹೋಗುತ್ತಿತ್ತು, 2006ರಿಂದ ನಾಗರಿಕ ವ್ಯವಹಾರಗಳ ಸಮಿತಿಗೆ.

ಇಲ್ಲೇ ಈ ಇಡೀ ಕೆಲಸದ ತಿರುಳಿದೆ. ಸ್ವೀಡನ್ನಿನಲ್ಲಿ ಈ ವಿಷಯದ ದೊಡ್ಡ ತಿರುವುಗಳು ಸರ್ಕಾರದ ಮಸೂದೆಗಿಂತ ಹೆಚ್ಚಾಗಿ ಸಮಿತಿಯ ಕಾಗದದಲ್ಲಿ ಆಗಿವೆ. ಮೂರು ಉದಾಹರಣೆ ನೋಡಿ.

1973ರಲ್ಲಿ ಸಂಸತ್ತು, ಒಂದೇ ಲಿಂಗದ ಇಬ್ಬರ ಸಹಬಾಳ್ವೆ "ಸಮಾಜದ ದೃಷ್ಟಿಯಿಂದ ಪೂರ್ಣವಾಗಿ ಒಪ್ಪತಕ್ಕ ಸಹಬಾಳ್ವೆಯ ರೂಪ" ಎಂದಿತು. ಮುಂದಿನ ಇಪ್ಪತ್ತು ವರ್ಷ ಎಲ್ಲರೂ ಇದೇ ವಾಕ್ಯವನ್ನು ಹಿಡಿದು ವಾದಿಸಿದರು. ಆದರೆ ಇದು ಕಾಯ್ದೆಯಲ್ಲ. ವಿವಾಹ ಕಾನೂನಿನ ತಿದ್ದುಪಡಿ ಕುರಿತ ಕಾನೂನು ಸಮಿತಿಯ ವರದಿ, 1973ರ 20ನೇ ಸಂಖ್ಯೆಯದು, ಅದರೊಳಗೆ ನಡುವೆಲ್ಲೋ ಬರುವ ಒಂದು ವಾಕ್ಯ. ಕಾಯ್ದೆಗಳ ಪಟ್ಟಿಯಲ್ಲಿ ಹುಡುಕಿದರೆ ಅದು ಸಿಗುವುದೇ ಇಲ್ಲ.

1994ರಲ್ಲಿ ಕಾರ್ಲ್ ಬಿಲ್ಡ್ಟ್ ನೇತೃತ್ವದ ನಾಲ್ಕು ಪಕ್ಷಗಳ ಸರ್ಕಾರವಿತ್ತು, ಅದರಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟರೂ ಇದ್ದರು. ಸರ್ಕಾರದೊಳಗೇ ಒಮ್ಮತವಿಲ್ಲದ ಕಾರಣ ಸಹಬಾಳ್ವೆಯ ಮಸೂದೆ ಸರ್ಕಾರದಿಂದ ಬರಲಿಲ್ಲ. ಕಾನೂನು ಸಮಿತಿಯೇ ಮುಂದಾಗಿ ಮಂಡಿಸಿತು: 1993/94ರ 28ನೇ ವರದಿ. ಪರವಾಗಿ 171, ವಿರೋಧವಾಗಿ 141, ತಟಸ್ಥರು 5. ಕಾಯ್ದೆ 1995ರ ಜನವರಿ 1ರಿಂದ ಜಾರಿ. ಹದಿನೈದು ವರ್ಷದ ನಂತರ ಹೆಚ್ಚುಕಡಿಮೆ ಅದೇ ಕಥೆ. 2009ರಲ್ಲೂ ನಾಲ್ಕು ಪಕ್ಷಗಳ ಸರ್ಕಾರ, ಅದರಲ್ಲಿ ಅದೇ ಕ್ರಿಶ್ಚಿಯನ್ ಡೆಮಾಕ್ರಾಟರ ವಿರೋಧ. ಲಿಂಗಭೇದವಿಲ್ಲದ ಮದುವೆ ಕಾನೂನು ಪಕ್ಷಗಳ ಜಂಟಿ ಸೂಚನೆಯ ಮೇಲೆ ಸಮಿತಿಯ ದಾರಿಯಿಂದಲೇ ಬಂತು. ಏಪ್ರಿಲ್ 1ರಂದು 261 ಪರ, 22 ವಿರೋಧ, 16 ತಟಸ್ಥ. ಜಾರಿ ಮೇ 1ಕ್ಕೆ. ಸರ್ಕಾರಿ ಮಸೂದೆಗಳನ್ನಷ್ಟೇ ಶೋಧಿಸಿದವರಿಗೆ ಈ ಎರಡೂ ಕಾಯ್ದೆಗಳು ಆಕಾಶದಿಂದ ಉದುರಿದಂತೆ ಕಾಣುತ್ತವೆ.

ಸಮಿತಿ ವರದಿ ಕೈಗೆ ಸಿಕ್ಕಾಗ ಮೊದಲಿನಿಂದ ಓದಬೇಡಿ, ಕೊನೆಯಿಂದ ಓದಿ. ಭಿನ್ನಮತದ ಟಿಪ್ಪಣಿಗಳು ಅಲ್ಲಿರುತ್ತವೆ. ಬಹುಮತದವರು ನಯವಾದ ಆಡಳಿತ ಭಾಷೆಯಲ್ಲಿ ಬರೆಯುತ್ತಾರೆ, ಸೋತವರು ಮನಸ್ಸಿನಲ್ಲಿದ್ದದ್ದನ್ನು ಬರೆಯುತ್ತಾರೆ. ಆಮೇಲೆ ಸದನದ ಚರ್ಚೆ, ಕೊನೆಗೆ ಮತದ ಪಟ್ಟಿ. ಧ್ವನಿಮತದಲ್ಲಿ ಮುಗಿದಿದ್ದರೆ ಹೆಸರು ಸಿಗುವುದಿಲ್ಲ. ಹೆಸರುವಾರು ಮತ ಇದ್ದರೆ ಪಕ್ಷವಾರು ಎಣಿಸಿ, ಗೈರುಹಾಜರಿಗೂ ಒಂದು ಅಂಕಣ ಇಡಿ. 1994ರ ಮತದ ಮೂರು ಅಂಕಿ ಕೂಡಿದರೆ 317, ಸದನದ ಬಲ 349. ಉಳಿದ 32 ಜನ ಸದನದಲ್ಲಿರಲಿಲ್ಲ. ಅವರ ಗೈರಿಗೆ ಕಾರಣ ಊಹಿಸಬೇಡಿ, ಆದರೆ ಯಾವ ಪಕ್ಷದವರು ಎಂದು ಗುರುತು ಹಾಕಿಕೊಳ್ಳಿ.

ಸೋತ ಪ್ರಸ್ತಾಪಗಳನ್ನೂ ಹುಡುಕಿ. 1944ರ ಕಾನೂನಿನ ಬೇರು 1933ರಲ್ಲಿದೆ. ಉಪ್ಸಲಾದ ಕಾನೂನು ಪ್ರಾಧ್ಯಾಪಕ, ಸೋಶಿಯಲ್ ಡೆಮಾಕ್ರಾಟ್ ಸದಸ್ಯ ವಿಲ್ಹೆಲ್ಮ್ ಲುಂಡ್‌ಸ್ಟೆಟ್ ಎರಡನೇ ಸದನದಲ್ಲಿ ಈ ಕಲಮನ್ನು ತೆಗೆಯಬೇಕೆಂದು ಸೂಚನೆ ಮಂಡಿಸಿದ್ದು ಆಗ. ಗೆದ್ದ ವರ್ಷದ ಕಡತವನ್ನಷ್ಟೇ ಓದಿದವರಿಗೆ ಹನ್ನೊಂದು ವರ್ಷದ ವಾದ ಕಾಣುವುದಿಲ್ಲ.

ಸಂಸತ್ತಿಗೆ ಬಾರದ ತಿರುವೂ ಒಂದಿದೆ. ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1979ರ ಅಕ್ಟೋಬರ್‌ನಲ್ಲಿ, ಆರೋಗ್ಯ–ಸಮಾಜ ಕಲ್ಯಾಣದ ಕೇಂದ್ರ ಇಲಾಖೆಯ ಆದೇಶದಿಂದ. ಅದಕ್ಕೂ ಮೊದಲು ಆಗಸ್ಟ್ 29ರಂದು ಕಾರ್ಯಕರ್ತರು ಆ ಕಚೇರಿಯ ಮೆಟ್ಟಿಲುಗಳ ಮೇಲೆ ಕೂತು ದಾರಿ ಅಡ್ಡಗಟ್ಟಿದ್ದರು. ಆಗಷ್ಟೇ ಮುಖ್ಯಸ್ಥೆಯ ಹುದ್ದೆಗೆ ಬಂದಿದ್ದ ಬಾರ್ಬ್ರೂ ವೆಸ್ಟರ್‌ಹೋಲ್ಮ್ ಅವರ ಜೊತೆ ಮಾತಿಗಿಳಿದರು. ಈ ಘಟನೆಗೆ ಸದನದ ನಡವಳಿ ಹುಡುಕಿ ಸಮಯ ಕಳೆಯಬೇಡಿ, ಪತ್ರಿಕೆ ಮತ್ತು ಇಲಾಖೆಯ ಕಾಗದ ನೋಡಿ.

ಪದಪಟ್ಟಿ ಇಲ್ಲದೆ ಪತ್ರಿಕೆ ತೆರೆಯಬೇಡಿ

ಇವತ್ತಿನ ಪದ ಹಾಕಿ ನೂರು ವರ್ಷದ ಹಿಂದಿನ ಪತ್ರಿಕೆ ಹುಡುಕುವುದು ಹೊಸಬರು ಮಾಡುವ ಮೊದಲ ತಪ್ಪು. ಕಾಲವಾರು ಪಟ್ಟಿ ಮಾಡಿಕೊಳ್ಳಿ.

ಹತ್ತೊಂಬತ್ತನೇ ಶತಮಾನಕ್ಕೆ ಕಾನೂನಿನ ಮಾತು "ಊತುಕ್ತ್", ಅಂದರೆ ಅನಾಚಾರ, ಅದರ ಜೊತೆ "ಪ್ರಕೃತಿಗೆ ವಿರುದ್ಧ" ಎಂಬ ಪದಗುಚ್ಛ. ಜೊತೆಗೆ "ಸೊದೊಮೀತ್" (ಬೈಬಲ್ಲಿನ ಸೊದೋಮ್ ಊರಿನ ಹೆಸರಿನಿಂದ ಬಂದ ಪದ), ಮತ್ತು "ಶೀಲದ ಅಪರಾಧ" ಎಂಬ ಅರ್ಥದ ಸಮಾಸ. 1907 ಒಂದು ಗಡಿಕಲ್ಲು. ಜರ್ಮನಿಯ ಚಕ್ರವರ್ತಿಯ ಆಪ್ತ ಓಯ್ಲೆನ್‌ಬುರ್ಗ್ ಸುತ್ತ ಸಲಿಂಗಕಾಮದ ಆರೋಪದ ಮೇಲೆ ಎದ್ದ ಮೊಕದ್ದಮೆಗಳು ಆ ವರ್ಷ ಶುರುವಾದವು, ಸ್ವೀಡನ್ನಿನಲ್ಲೂ ಅಂಥದ್ದೇ ಆರೋಪದ ಸ್ಯಾಂಟೆಸನ್ ಪ್ರಕರಣ ಆ ವರ್ಷದ್ದೇ. ಅಲ್ಲಿಂದ "ಹೋಮೊಸೆಕ್ಸುಯೆಲ್" ಎಂಬ ವೈದ್ಯಕೀಯ ಪದವನ್ನೂ ಪಟ್ಟಿಗೆ ಸೇರಿಸಿ. 1950ರ ದಶಕದಲ್ಲಿ ಚಳವಳಿಯವರು ತಮ್ಮನ್ನು "ಹೋಮೊಫೀಲ್" ಎಂದು ಕರೆದುಕೊಳ್ಳುತ್ತಿದ್ದರು. ಪದದಲ್ಲಿ ಕಾಮ ಕಡಿಮೆ, ಪ್ರೀತಿ ಹೆಚ್ಚು ಕಾಣಲಿ ಎಂಬ ಲೆಕ್ಕ. ಸಲಿಂಗಿ ಗಂಡಸರಿಗೆ ಬೈಗುಳವಾಗಿದ್ದ "ಬ್ಯೋಗ್" ಪದವನ್ನು 1970ರ ದಶಕದ ಕಾರ್ಯಕರ್ತರು ತಮ್ಮದಾಗಿ ಮಾಡಿಕೊಂಡರು. ಹಾಗಾಗಿ 1965ರ ಪುಟದಲ್ಲಿ ಅದು ಬೈಗುಳ, 1985ರ ಪುಟದಲ್ಲಿ ಯಾರ ಬಾಯಿಂದ ಬಂತು ಎಂಬುದರ ಮೇಲೆ ಅರ್ಥ. ಆಮೇಲಿನ ಕಾಲಕ್ಕೆ "ಹೆಚ್‌ಬಿಟಿ" (ಸಲಿಂಗಿ, ದ್ವಿಲಿಂಗಿ, ಟ್ರಾನ್ಸ್ ಜನರಿಗೆ ಒಟ್ಟಾಗಿ ಹೇಳುವ ಕಿರುಹೆಸರು), ನಂತರ ಕ್ವಿಯರ್ ಕೂಡ ಸೇರಿದ "ಹೆಚ್‌ಬಿಟಿಕ್ಯು". ಹೆಂಗಸರಿಗೆ "ಲೆಸ್ಬಿಸ್ಕ್" ಮತ್ತು "ಫ್ಲಾತಾ" ಬೇರೆಯೇ ಹುಡುಕಬೇಕು. ಇಲ್ಲದಿದ್ದರೆ ನಿಮ್ಮ ಇತಿಹಾಸದಲ್ಲಿ ಗಂಡಸರೇ ತುಂಬಿರುತ್ತಾರೆ, ಆಮೇಲೆ ಅದನ್ನೇ "ಪತ್ರಿಕೆಗಳು ಹೆಂಗಸರ ಬಗ್ಗೆ ಬರೆಯಲಿಲ್ಲ" ಎಂಬ ತೀರ್ಮಾನ ಮಾಡಿಬಿಡುತ್ತೀರಿ.

ಕಾಗುಣಿತದ ತೊಂದರೆ ಬೇರೆ. 1906ರ ಕಾಗುಣಿತ ಸುಧಾರಣೆಗೆ ಮೊದಲು "ವ" ಧ್ವನಿಗೆ ಒಂಟಿ ಅಕ್ಷರದ ಬದಲು "ಎಫ್", "ಎಫ್–ವಿ" ಅಥವಾ "ಹೆಚ್–ವಿ" ಬರೆಯುತ್ತಿದ್ದರು. ಎರಡೂ ರೂಪ ಹಾಕಿ ಹುಡುಕಿ. ಮೇಲೆ ಸೊನ್ನೆ ಅಥವಾ ಜೋಡಿ ಚುಕ್ಕೆ ಇರುವ ಮೂರು ಸ್ವೀಡಿಷ್ ಸ್ವರಗಳನ್ನು ಚುಕ್ಕೆಯಿಲ್ಲದೆ ಟೈಪ್ ಮಾಡಿದರೆ ಅದು ಬೇರೆ ಪದ. ಫೋನಿನಲ್ಲಿ ಸ್ವೀಡಿಷ್ ಕೀಬೋರ್ಡ್ ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ.

ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದಿ ಪಠ್ಯ ಮಾಡಿರುತ್ತದೆ. ಅದರ ತಪ್ಪುಗಳಿಗೆ ಒಂದು ಕ್ರಮವಿದೆ, ಹಾಗಾಗಿ ಅವನ್ನೇ ಹಿಡಿದು ಹುಡುಕಬಹುದು. ಗೋಥಿಕ್ ಅಚ್ಚಿನಲ್ಲಿ ಉದ್ದನೆಯ "ಎಸ್" ಅಕ್ಷರ "ಎಫ್"ನಂತೆಯೇ ಕಾಣುತ್ತದೆ. ಯಂತ್ರ "ಸೊದೊಮೀತ್" ಎಂಬುದನ್ನು "ಫೊದೊಮೀತ್" ಎಂದು ಓದುತ್ತದೆ. ತಪ್ಪು ರೂಪವನ್ನೇ ಹುಡುಕುಪೆಟ್ಟಿಗೆಗೆ ಹಾಕಿ ನೋಡಿ, ಸರಿಯಾದ ರೂಪಕ್ಕೆ ಸಿಗದ ಪುಟಗಳು ಬರುತ್ತವೆ. ಕಿರಿದಾದ ಅಂಕಣದಲ್ಲಿ ಉದ್ದ ಪದ ಎರಡು ಸಾಲಿಗೆ ಒಡೆದಿರುತ್ತದೆ. "ಹೋಮೊ" ಒಂದು ಸಾಲಿನಲ್ಲಿ, "ಸೆಕ್ಸುಯೆಲ್" ಮುಂದಿನ ಸಾಲಿನಲ್ಲಿ. ಎರಡು ತುಂಡುಗಳನ್ನೂ ಬೇರೆಯಾಗಿ ಹುಡುಕಿ, ಮತ್ತು ಪದದ ತಲೆಭಾಗಕ್ಕೆ ನಕ್ಷತ್ರ ಚಿಹ್ನೆ ಸೇರಿಸಿ ಎಲ್ಲ ವಿಭಕ್ತಿ ರೂಪಗಳೂ ಬರುವಂತೆ ಮಾಡಿ.

ಪತ್ರಿಕೆ ಎಲ್ಲಿ, ಯಾವುದು

ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯಕ್ಕೆ 1661ರಿಂದಲೇ ಅಚ್ಚಾದದ್ದರ ಪ್ರತಿ ಕೊಡಬೇಕೆಂಬ ನಿಯಮವಿದೆ, ಹಾಗಾಗಿ ಸಾಮಗ್ರಿಗೆ ಬರವಿಲ್ಲ. ಅದರ ಪತ್ರಿಕಾ ಶೋಧ ತಾಣದಲ್ಲಿ ತುಂಬಾ ಹಳೆಯ ಸಂಚಿಕೆಗಳನ್ನು ಎಲ್ಲಿಂದಲಾದರೂ ಬಿಟ್ಟಿಯಾಗಿ ಓದಬಹುದು. ಹಕ್ಕುಸ್ವಾಮ್ಯ ಇರುವ ಹೊಸ ಸಂಚಿಕೆಗಳಲ್ಲಿ ಹುಡುಕಿದರೆ ದಿನಾಂಕ, ಪುಟ ತಿಳಿಯುತ್ತದೆ. ಪುಟವನ್ನೇ ನೋಡಲು ಅಲ್ಲಿನ ಗ್ರಂಥಾಲಯದ ಒಳಗೆ ಕೂರಬೇಕು. ದೂರದಲ್ಲಿರುವವರು ಮೊದಲು ಬಿಟ್ಟಿ ಶೋಧದಿಂದ ದಿನಾಂಕಗಳ ಪಟ್ಟಿ ಮಾಡಿಟ್ಟುಕೊಳ್ಳಿ, ಆಮೇಲೆ ಆ ಪುಟಗಳಿಗಷ್ಟೇ ದುಡ್ಡು ಅಥವಾ ಪ್ರಯಾಣ ಖರ್ಚುಮಾಡಿ. ಡಾಗೆನ್ಸ್ ನ್ಯೂಹೆಟೆರ್ ಮತ್ತು ಸ್ವೆನ್ಸ್ಕಾ ಡಾಗ್‌ಬ್ಲಾಡೆಟ್ ಚಂದಾದಾರರಿಗೆ ತಮ್ಮ ಹಳೆಯ ಸಂಚಿಕೆಗಳನ್ನು ತೆರೆದಿಟ್ಟಿವೆ. ಪದಬಳಕೆ ಎಷ್ಟು ಸಲ ಎಂಬ ಎಣಿಕೆಗೆ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಭಾಷಾ ಭಂಡಾರದ "ಕೋರ್ಪ್" ಉಪಕರಣ ಒಳ್ಳೆಯದು, ಹಳೆಯ ಪತ್ರಿಕೆಗಳ ದೊಡ್ಡ ಸಂಗ್ರಹ ಅದರಲ್ಲಿದೆ.

ಪತ್ರಿಕೆಗೆ ಪಕ್ಷದ ಬಣ್ಣವಿತ್ತು ಎಂಬುದನ್ನು ಮರೆಯಬೇಡಿ. ಡಾಗೆನ್ಸ್ ನ್ಯೂಹೆಟೆರ್ ಉದಾರವಾದಿ, ಸ್ವೆನ್ಸ್ಕಾ ಡಾಗ್‌ಬ್ಲಾಡೆಟ್ ಸಂಪ್ರದಾಯವಾದಿ, ಮಾಲ್ಮೋದ ಆರ್ಬೇತೆತ್ ಸೋಶಿಯಲ್ ಡೆಮಾಕ್ರಾಟರದು, ಆರ್ಬೇತರೆನ್ ಸಿಂಡಿಕಲಿಸ್ಟ್ (ಉದ್ದಿಮೆಗಳನ್ನು ಕಾರ್ಮಿಕ ಸಂಘಗಳೇ ನಡೆಸಬೇಕೆನ್ನುವ) ಕಾರ್ಮಿಕರದು, 1945ರಿಂದ ಬರುತ್ತಿರುವ ಡಾಗೆನ್ ಪೆಂಟೆಕೋಸ್ಟಲ್ ಕ್ರೈಸ್ತರದು. ಆಫ್ಟನ್‌ಬ್ಲಾಡೆಟ್‌ನ ಬಣ್ಣ ಕಾಲದಿಂದ ಕಾಲಕ್ಕೆ ಬೇರೆ. 1956ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟ ಅದನ್ನು ಕೊಂಡಿತು, ಹಾಗಾಗಿ 1952ರ ಆಫ್ಟನ್‌ಬ್ಲಾಡೆಟ್ ಮತ್ತು 1972ರದು ಒಂದೇ ಹೆಸರಿನ ಎರಡು ಪತ್ರಿಕೆ ಎಂದೇ ಎಣಿಸಿ. ಎಕ್ಸ್‌ಪ್ರೆಸೆನ್ ಹುಟ್ಟಿದ್ದೇ 1944ರ ನವೆಂಬರ್‌ನಲ್ಲಿ, ಆ ವರ್ಷದ ಬೇಸಿಗೆಯ ಚರ್ಚೆಯನ್ನು ಅದರಲ್ಲಿ ಹುಡುಕಬೇಡಿ. ಪ್ರತಿ ಅಧ್ಯಯನಕ್ಕೆ ಕನಿಷ್ಠ ಎರಡು ಎದುರು ಬಣ್ಣದವು, ರಾಜಧಾನಿಯ ಹೊರಗಿನದೊಂದು, ಸಂಜೆಪತ್ರಿಕೆ ಒಂದು ಇರಲಿ. ಸಲಿಂಗಿಗಳದೇ ಪತ್ರಿಕೆಗಳೂ ಬೇಕು: 1970–80ರ ದಶಕಕ್ಕೆ ರಿವೋಲ್ಟ್, 1995ರಿಂದ ಕ್ಯೂಎಕ್ಸ್, ಮತ್ತು ಸಲಿಂಗಿಗಳ ಹಕ್ಕಿಗಾಗಿ ದುಡಿಯುವ ಆರ್‌ಎಫ್‌ಎಸ್‌ಎಲ್ ಸಂಘಟನೆಯ ಸ್ವಂತ ಪ್ರಕಟಣೆಗಳು. ಆ ಸಂಘಟನೆ 1950ರಲ್ಲಿ ಡೆನ್ಮಾರ್ಕ್‌ನ ಸಂಘದ ಶಾಖೆಯಾಗಿ ಶುರುವಾದದ್ದು.

1950ರ ದಶಕ: ಅತಿ ಹೆಚ್ಚು ಎಡವುವ ಜಾಗ

1950ರಲ್ಲಿ ಸ್ಟಾಕ್‌ಹೋಮ್‌ನ ಪಾದ್ರಿ ಕಾರ್ಲ್-ಎರಿಕ್ ಕೆಯ್ನೆ, ಪೊಲೀಸರೂ ಮೇಲಿನವರೂ ಸಲಿಂಗಿಗಳ ಗುಂಪನ್ನು ಕಾಪಾಡುತ್ತಿದ್ದಾರೆ ಎಂದು ಆರೋಪ ಹೊರಿಸಿದರು. ತನಿಖಾ ಆಯೋಗ ಕೂತಿತು. ಆರೋಪದ ಸುಳಿಗೆ ಸಿಕ್ಕ ಸಚಿವ ನಿಲ್ಸ್ ಕ್ವೆನ್ಸೆಲ್ 1951ರಲ್ಲಿ ಹುದ್ದೆ ಬಿಟ್ಟರು. ಬೆನ್ನಿಗೇ ಹಾಯ್ಬಿ ಪ್ರಕರಣ. ತೀರಿಕೊಂಡಿದ್ದ ಐದನೇ ಗುಸ್ತಾವ್ ದೊರೆಯ ಜೊತೆ ಸಂಬಂಧವಿತ್ತೆಂದು ಹೇಳಿಕೊಂಡ ಕುರ್ಟ್ ಹಾಯ್ಬಿಗೆ ಅರಮನೆಯ ಕಡೆಯಿಂದ ವರ್ಷಗಟ್ಟಲೆ ಹಣ ಹೋಗಿತ್ತು. 1952ರಲ್ಲಿ ಬೆದರಿಸಿ ಹಣ ಕಿತ್ತ ಅಪರಾಧಕ್ಕೆ ಆತನಿಗೆ ಶಿಕ್ಷೆಯಾಯಿತು. ಸಾಹಿತಿ ವಿಲ್ಹೆಲ್ಮ್ ಮೂಬೆರ್ಯ್ ಮುಂತಾದವರು ಎತ್ತಿದ ಕೂಗಿಗೆ ಆಗ ಬಂದ ಹೆಸರು "ರೆಟ್ಸ್‌ರ್ಯೋತಾ", ಅಂದರೆ ನ್ಯಾಯದ ಕೊಳೆತ.

ಇಲ್ಲಿ ಸಿಗುವ ಸಾವಿರಾರು ಪುಟಗಳನ್ನು "ಸಲಿಂಗಕಾಮದ ವಿರುದ್ಧ" ಎಂದು ಒಂದೇ ಚೀಲಕ್ಕೆ ತುಂಬಬೇಡಿ. ಕೆಲವು ಲೇಖನಗಳಿಗೆ ಗುರಿ ಅಧಿಕಾರಿಗಳ ಮುಚ್ಚುಮರೆ, ಕೆಲವಕ್ಕೆ ಸೋಶಿಯಲ್ ಡೆಮಾಕ್ರಾಟ್ ಸರ್ಕಾರ, ಕೆಲವಕ್ಕೆ ಸಲಿಂಗಿಗಳೇ. ಮೂರೂ ಒಂದೇ ಲೇಖನದಲ್ಲಿ ಹೆಣೆದುಕೊಂಡಿರುವುದೂ ಉಂಟು. ಆದರೆ ಅಧಿಕಾರಿಗಳ ಮೇಲಿನ ಸಿಟ್ಟು ಎಂಬ ನೆಪದಲ್ಲಿ ಹಗೆಯನ್ನು ತೊಳೆದುಬಿಡುವುದೂ ತಪ್ಪು. "ಗುಪ್ತ ಕೂಟ" ಎಂಬ ಕಲ್ಪನೆ ಆ ಬರಹಗಳ ಬೆನ್ನೆಲುಬು. ಆ ಕಲ್ಪನೆ ಯಾವ ಪದಗಳಲ್ಲಿ ಬರುತ್ತದೆ ಎಂದು ಬೇರೆ ಅಂಕಣದಲ್ಲಿ ಬರೆದುಕೊಳ್ಳಿ.

ಗುರುತು ಹಾಕುವ ಹಾಳೆ

ಎಕ್ಸೆಲ್ ಹಾಳೆಯಲ್ಲಿ ಒಂದು ಬರಹಕ್ಕೆ ಒಂದು ಸಾಲು. ಅಂಕಣಗಳು: ದಿನಾಂಕ, ಪತ್ರಿಕೆ, ಪುಟ, ಬಗೆ (ಸುದ್ದಿ, ಸಂಪಾದಕೀಯ, ಚರ್ಚಾಪುಟ, ಓದುಗರ ಪತ್ರ, ವ್ಯಂಗ್ಯಚಿತ್ರ), ಬಳಸಿದ ಪದ ಮೂಲರೂಪದಲ್ಲೇ, ಯಾರು ಮಾತಾಡುತ್ತಿದ್ದಾರೆ, ಯಾವ ಚೌಕಟ್ಟು (ಪಾಪ, ಅಪರಾಧ, ರೋಗ, ಅಪಾಯ, ಹಕ್ಕು, ದಿನನಿತ್ಯದ ಬದುಕು), ಮತ್ತು ಬರಹದ ನಿಲುವು. ವಿಶೇಷ ಪ್ರಕರಣಕ್ಕೆ ಒಂದೆರಡು ಸೇರಿಸುವುದನ್ನು ಬಿಟ್ಟರೆ ಎಂಟು ಅಂಕಣ ಮೀರಬಾರದು, ಮೀರಿದರೆ ನಲವತ್ತನೇ ಸಾಲಿಗೆ ಬೇಸರ ಬಂದು ಅಡ್ಡಾದಿಡ್ಡಿ ತುಂಬುತ್ತೀರಿ.

"ಯಾರು ಮಾತಾಡುತ್ತಿದ್ದಾರೆ" ಎಂಬ ಅಂಕಣವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಪೊಲೀಸ್, ವೈದ್ಯ, ಪಾದ್ರಿ, ರಾಜಕಾರಣಿ ಮಾತಾಡಿ, ಸಲಿಂಗಿ ಮಾತಾಡದ ಬರಹ ಎಷ್ಟೇ ಸಹಾನುಭೂತಿಯದ್ದಾದರೂ ಬೇರೆ ಕಾಲದ್ದು. ಆ ಅಂಕಣದಲ್ಲಿ ಸಲಿಂಗಿಯ ಹೆಸರಿರುವ ಸಾಲು ಮೊದಲ ಸಲ ಬಂದ ದಿನಾಂಕಕ್ಕೆ ಬಣ್ಣ ಹಚ್ಚಿ, ಹೆಸರು ನಿಜವೋ ಮರೆಹೆಸರೋ ಎಂದೂ ಬರೆಯಿರಿ.

ನಿಲುವನ್ನು ಪರ–ವಿರೋಧ ಎಂಬ ಒಂದೇ ಅಳತೆಗೋಲಿನಲ್ಲಿ ಅಳೆದರೆ ಕೆಲವು ಪ್ರಕರಣಗಳಲ್ಲಿ ಹಾಳೆ ಒಡೆಯುತ್ತದೆ. ಓಕೆ ಗ್ರೀನ್ ಎಂಬ ಪಾದ್ರಿಯದು ಅಂಥದ್ದು. 2003ರ ಜನವರಿಯಿಂದ, ಜನವರ್ಗವೊಂದರ ವಿರುದ್ಧ ದ್ವೇಷ ಕೆರಳಿಸುವ ಅಪರಾಧದ ವ್ಯಾಪ್ತಿಗೆ ಲೈಂಗಿಕ ಒಲವೂ ಸೇರಿತು. ಆ ಜುಲೈನಲ್ಲಿ ಬೋರ್ಯ್‌ಹೋಲ್ಮ್‌ನಲ್ಲಿ ಗ್ರೀನ್ ಮಾಡಿದ ಪ್ರವಚನಕ್ಕೆ 2004ರಲ್ಲಿ ಕೆಳ ನ್ಯಾಯಾಲಯ ಒಂದು ತಿಂಗಳ ಸೆರೆ ವಿಧಿಸಿತು, 2005ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಬಿಡುಗಡೆ ಮಾಡಿತು, ನವೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯ ಬಿಡುಗಡೆಯನ್ನು ಎತ್ತಿಹಿಡಿಯಿತು. ಪ್ರವಚನ ಹೇಸಿಗೆ ಹುಟ್ಟಿಸುವಂಥದ್ದು, ಆದರೆ ಸೆರೆ ಬೇಡ ಎನ್ನುವ ಸಂಪಾದಕೀಯವನ್ನು ಯಾವ ಕಡೆ ಹಾಕುತ್ತೀರಿ? ಎರಡು ಅಂಕಣ ಮಾಡಿ: ಸಲಿಂಗಿಗಳ ಬಗ್ಗೆ ನಿಲುವು ಒಂದು, ಕಾನೂನಿನ ಕ್ರಮದ ಬಗ್ಗೆ ನಿಲುವು ಇನ್ನೊಂದು. 1987ಕ್ಕೂ ಇದೇ ಮದ್ದು. ಆ ವರ್ಷ ಸಹವಾಸದ ಕಾಯ್ದೆಗೆ ಒಪ್ಪಿಗೆ ಸಿಕ್ಕಿತು, ವ್ಯಾಪಾರದಲ್ಲಿ ಸಲಿಂಗಿಗಳಿಗೆ ಭೇದ ಮಾಡುವುದು ದಂಡಾರ್ಹವಾಯಿತು, ಜೊತೆಗೆ ಏಡ್ಸ್ ಭಯದಲ್ಲಿ ಸಲಿಂಗಿಗಳು ಸೇರುತ್ತಿದ್ದ ಸೌನಾ ಕ್ಲಬ್ಬುಗಳನ್ನು ನಿಷೇಧಿಸುವ ಕಾನೂನೂ ಬಂತು. ಅದು ರದ್ದಾದದ್ದು 2004ರಲ್ಲಿ. "ನಾವು ಅವರ ಪರ, ಅದಕ್ಕೇ ಕ್ಲಬ್ಬು ಮುಚ್ಚುತ್ತಿದ್ದೇವೆ" ಎಂಬ ಧಾಟಿ ಒಂದೇ ಗೋಲಿನಲ್ಲಿ ಹಿಡಿಯುವುದಿಲ್ಲ.

ಅರವತ್ತು ಸಾಲು ತುಂಬಿದ ಮೇಲೆ ನಿಲ್ಲಿಸಿ. ಒಂದು ವಾರ ಬಿಟ್ಟು ಇಪ್ಪತ್ತು ಬರಹಗಳನ್ನು ಹಿಂದಿನ ಗುರುತು ನೋಡದೆ ಮತ್ತೆ ಗುರುತಿಸಿ. ಹದಿನಾರಕ್ಕಿಂತ ಕಡಿಮೆ ಹೊಂದಿಕೆಯಾದರೆ ತಪ್ಪು ನಿಮ್ಮ ಕಣ್ಣಿನದಲ್ಲ, ಚೌಕಟ್ಟುಗಳ ವ್ಯಾಖ್ಯೆಯದು. ಸಾಮಾನ್ಯವಾಗಿ ಕಲೆಸಿಹೋಗುವ ಜೋಡಿ "ರೋಗ" ಮತ್ತು "ಅಪಾಯ". ಮರುಕ ಇದ್ದರೆ ಮೊದಲನೆಯದು, ಹರಡುವ ಹೆದರಿಕೆ ಇದ್ದರೆ ಎರಡನೆಯದು ಎಂದು ಗೆರೆ ಎಳೆದುಕೊಳ್ಳಿ.

ಪತ್ರಿಕೆಯ ಧೋರಣೆಯನ್ನು ಜನರ ಧೋರಣೆ ಎಂದು ಬರೆಯಬೇಡಿ. ಓದುಗರ ಪತ್ರ ಕೂಡ ಸಂಪಾದಕರು ಆರಿಸಿದ್ದು. ಜನಾಭಿಪ್ರಾಯ ಬೇಕಿದ್ದರೆ 1986ರಿಂದ ಪ್ರತಿವರ್ಷ ಸಮೀಕ್ಷೆ ನಡೆಸುವ ಗೋಥೆನ್‌ಬರ್ಗ್‌ನ ಎಸ್‌ಒಎಂ ಸಂಸ್ಥೆಯ ವರದಿಗಳಿವೆ. ಚರ್ಚಿನದೂ ಬೇರೆ ಲೆಕ್ಕ. ಸ್ವೀಡನ್ ಚರ್ಚಿನ ಮಹಾಸಭೆ 2009ರ ಅಕ್ಟೋಬರ್ 22ರಂದು ಸಲಿಂಗ ಮದುವೆಗೆ ಒಪ್ಪಿದ್ದು 249ರಲ್ಲಿ 176 ಮತಗಳಿಂದ. ಸಂಸತ್ತಿನ ಅಂಕಿಯ ಜೊತೆ ಇದನ್ನು ಬೆರೆಸಬೇಡಿ.

ಕನ್ನಡಕ್ಕೆ ತರುವಾಗ

ಯಂತ್ರಾನುವಾದ "ಊತುಕ್ತ್" ಪದಕ್ಕೆ ವ್ಯಭಿಚಾರ ಎಂದು ಕೊಟ್ಟರೆ ಒಪ್ಪಬೇಡಿ. ವ್ಯಭಿಚಾರ ಎಂದರೆ ಮದುವೆಯಾಚೆಯ ಸಂಬಂಧ, ಸ್ವೀಡಿಷ್ ಕಾನೂನಿನಲ್ಲಿ ಅದಕ್ಕೆ ಬೇರೆಯೇ ಪದವಿತ್ತು. "ಲೈಂಗಿಕ ಅನಾಚಾರ" ಹತ್ತಿರದ್ದು. ಸಂಸತ್ತಿನ ಕಾಗದದಲ್ಲಿ ಪದೇ ಪದೇ ಬರುವ "ಲೆಗ್ನಿಂಗ್" ಪದಕ್ಕೆ ಒಲವು, ಪ್ರಕೃತಿ ಎರಡೂ ಅರ್ಥವಿದೆ. 1940ರ ದಶಕದಲ್ಲಿ ಹುಟ್ಟಿನಿಂದ ಬಂದ ದೇಹಪ್ರಕೃತಿ ಎಂಬ ವೈದ್ಯಕೀಯ ಛಾಯೆ ಹೆಚ್ಚು, 2003ರ ಕಾನೂನಿನಲ್ಲಿ ಒಲವು ಎಂಬುದೇ ಸರಿ. 1994ರ "ಪಾರ್ಟ್‌ನರ್‌ಸ್ಕಾಪ್" ಮದುವೆಯಲ್ಲ. "1995ರಿಂದ ಸಲಿಂಗ ವಿವಾಹ" ಎಂದು ಬರೆದರೆ 2009ರ ಮತಕ್ಕೆ ಅರ್ಥವೇ ಉಳಿಯುವುದಿಲ್ಲ. ಹಳೆಯ ಬೈಗುಳಗಳನ್ನು ನಯವಾದ ಪದಕ್ಕೆ ಬದಲಿಸಬೇಡಿ, ಮೂಲಪದವನ್ನು ಕನ್ನಡ ಲಿಪಿಯಲ್ಲಿ ಉದ್ಧರಣ ಚಿಹ್ನೆಯೊಳಗಿಟ್ಟು ಮೊದಲ ಸಲ ಬಂದಲ್ಲಿ ಅರ್ಥ ಕೊಡಿ. ನಿಮ್ಮ ಸ್ವಂತ ವಾಕ್ಯದಲ್ಲಿ ಮಾತ್ರ ಇವತ್ತಿನ ಪದ ಇರಲಿ. ಮತ್ತು 1950ರ ದಶಕದ ಪೊಲೀಸ್ ಸುದ್ದಿಗಳಲ್ಲಿ ಬರುವ ಸಾಮಾನ್ಯ ಜನರ ಹೆಸರುಗಳನ್ನು ಹಾಳೆಯಲ್ಲೇ ಅಕ್ಷರಸಂಕೇತಕ್ಕೆ ಬದಲಿಸಿಬಿಡಿ, ಬರೆಯುವ ಹೊತ್ತಿಗೆ ಬಿಟ್ಟರೆ ಒಂದಾದರೂ ನುಸುಳುತ್ತದೆ.